ಸೋರೆಕಾಯಿಯ ರುಚಿ ನೋಡುವ ಕೆಲಸ

ಗೊಬ್ಬರ ಕಳಿತಿದೆಯೋ ಇಲ್ಲವೋ ಎಂದು ತಿಳಿಯಲು ಕಣ್ಣು ಸಾಲದು. ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿಯಬೇಕು. ಮೊದಲ ಮಳೆ ಬಿದ್ದ ನೆಲದ ವಾಸನೆ ಬಂದರೆ ಗೊಬ್ಬರ ಆಗಿದೆ. ಮೂಗಿಗೆ ಚುಚ್ಚಿದರೆ ಒಳಗೆ ಇನ್ನೂ ಬಿಸಿ ಇದೆ, ಗಿಡದ ಬುಡಕ್ಕೆ ಹಾಕಬಾರದು. ನನಗೆ ಕೆಲಸ ಕಲಿಸಿದ ಮುನಿಸ್ವಾಮಿ ಮೇಸ್ತ್ರಿಗಳ ಮೊದಲ ಪಾಠ ಇದು. ಜೆ.ಪಿ. ನಗರದ ನಮ್ಮ ಸಮುದಾಯ ತೋಟಕ್ಕೆ ಹೊಸದಾಗಿ ಬರುತ್ತಿರುವ ನಿಮಗೆ ನಾನು ಹೇಳಬೇಕಾದ ಮೊದಲ ಪಾಠವೂ ಇದೇ. ಆದರೆ ಹೇಳುತ್ತಿರುವ ನನಗೆ ಈಗ ಯಾವ ವಾಸನೆಯೂ ತಿಳಿಯುವುದಿಲ್ಲ. ನಾಲಿಗೆಗೆ ರುಚಿಯೂ ಇಲ್ಲ. ಆ ವಿಷಯವನ್ನು ತುಂಬಾ ದಿನ ಮುಚ್ಚಿಟ್ಟೆ. ಅದರಿಂದ ಒಬ್ಬರು ಆಸ್ಪತ್ರೆ ಸೇರಿದರು, ಇನ್ನೊಬ್ಬಳ ಹೆಸರು ಕೆಟ್ಟಿತು. ನನ್ನ ಕೆಲಸದ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಜಯನಗರದ ಪಾರ್ಕೊಂದರಲ್ಲಿ ಮಾಲಿಯಾಗಿ ಸೇರಿದವನು. ಮುಂದೆ ಮೇಸ್ತ್ರಿಯಾದೆ. ಅದು ದೊಡ್ಡ ಸಂಗತಿಯಲ್ಲ, ಇದ್ದವರು ನಿವೃತ್ತರಾದರೆ ಉಳಿದವರು ಮೇಲೇರುತ್ತಾರೆ. ನೆನಪಿನಲ್ಲಿ ಉಳಿದಿರುವುದು ನಾನು ಸುಟ್ಟ ಗುಲಾಬಿ ಗಿಡಗಳು. ಸೇರಿದ ಹೊಸತು. ಯಾರೋ ದೊಡ್ಡವರು ಪಾರ್ಕು ನೋಡಲು ಬರುತ್ತಾರೆ, ಗಿಡ ಕಳೆಕಳೆಯಾಗಿ ಕಾಣಬೇಕು ಎಂದು ಮೇಲಿನವರು ಹೇಳಿದ್ದರು. ನಾನು ಉಮೇದಿನಲ್ಲಿ ಹಸಿ ಸಗಣಿ ಗೊಬ್ಬರವನ್ನು ಬುಟ್ಟಿಗಟ್ಟಲೆ ಸುರಿದೆ. ವಾರ ಕಳೆಯುವಷ್ಟರಲ್ಲಿ ಎಲೆಯ ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿತು.

ಮುನಿಸ್ವಾಮಿ ಮೇಸ್ತ್ರಿಗಳು ನನ್ನ ತಲೆ ಬಗ್ಗಿಸಿ ಮೂಗನ್ನು ಗೊಬ್ಬರದ ಗುಡ್ಡೆಗೆ ತಾಗಿಸಿಯೇಬಿಟ್ಟರು.

"ಏನ್ ವಾಸ್ನೆ ಬರ್ತಿದೆ ಹೇಳಲೇ."

"ಸಗಣಿ ವಾಸ್ನೆ, ಮೇಸ್ತ್ರಿ."

"ಸಗಣಿ ಅಂತ ಗೊತ್ತಾದ್ರೆ ಅದಿನ್ನೂ ಸಗಣಿನೇ. ಮಣ್ಣು ಅಂತ ಗೊತ್ತಾದಾಗ ಹಾಕು. ಅಲ್ಲೀವರ್ಗೂ ಗಿಡದ್ ಹತ್ರ ಬಂದ್ರೆ ಕಾಲ್ ಮುರೀತೀನಿ."

ಅದಾದ ಮೇಲೆ ಸಾಹೇಬರು ಬಂದು ಕೇಳಿದಾಗ, "ಬಿಸಿಲು ಜಾಸ್ತಿ ಸಾರ್, ನಾನೇ ನೀರು ಕಮ್ಮಿ ಮಾಡಿಸಿದ್ದೆ" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನನ್ನ ಹೆಸರು ಎತ್ತಲಿಲ್ಲ. ನಂತರ ಒಂದು ಬೀಡಿ ಹಚ್ಚಿ, "ನಂಗೇನ್ ಹೋಯ್ತು, ನೀನ್ ಹೊಸಬ" ಎಂದರು. ಆ ಮಾತು ನನಗೆ ನೆನಪಿರಬೇಕಿತ್ತು. ನೆನಪಿರಬೇಕಾದ ಹೊತ್ತಿನಲ್ಲಿ ಇರಲಿಲ್ಲ.

ನಿವೃತ್ತನಾದ ಮೇಲೆ ಶ್ರೀನಗರದ ಮನೆಯಲ್ಲಿ ಸುಮ್ಮನೆ ಕೂರುವುದು ಆಗಲಿಲ್ಲ. ಹೆಂಡತಿ ಜಯಮ್ಮ, "ಕುಂಡದ ತುಳಸಿಗೆ ದಿನಕ್ಕೆ ಎಷ್ಟು ಸಲ ನೀರು ಹಾಕ್ತೀರಿ? ಪಾಪ, ಅದು ಮುಳುಗಿ ಸಾಯುತ್ತೆ" ಎನ್ನುತ್ತಿದ್ದಳು. ಆಗ ಹಳೆಯ ಪಾರ್ಕಿನಲ್ಲಿ ವಾಕಿಂಗಿಗೆ ಬರುತ್ತಿದ್ದ ಸತ್ಯಮೂರ್ತಿಯವರು ಸಿಕ್ಕರು. ಬ್ಯಾಂಕಿನಿಂದ ನಿವೃತ್ತರಾದವರು. ಜೆ.ಪಿ. ನಗರದಲ್ಲಿ ಕಸ ಸುರಿಯುವ ಜಾಗವಾಗಿದ್ದ ಒಂದು ಖಾಲಿ ಸೈಟನ್ನು ಮಾಲೀಕರಿಂದ ಕೇಳಿ ಪಡೆದು, ಸುತ್ತಲಿನವರನ್ನು ಸೇರಿಸಿಕೊಂಡು ತರಕಾರಿ ತೋಟ ಶುರು ಮಾಡಿದ್ದರು.

"ವೆಂಕಟೇಶಪ್ಪ, ನಮ್ಮಲ್ಲಿ ಎಲ್ರೂ ಯೂಟ್ಯೂಬ್ ನೋಡಿರೋರೇ. ಮಣ್ಣು ಮುಟ್ಟಿರೋರು ಒಬ್ರೂ ಇಲ್ಲ. ಬನ್ರೀ" ಎಂದರು.

ಹೋದೆ. ಮೊದಲ ಭಾನುವಾರವೇ ಕಳೆ ಕೀಳಿ ಎಂದರೆ ಅರ್ಧ ಸಾಲು ಕೊತ್ತಂಬರಿ ಕಿತ್ತು ನೀಟಾಗಿ ಗುಡ್ಡೆ ಹಾಕಿದ್ದರು. ಹಾಗೆ ಕಿತ್ತವಳು ಅನುಷಾ. ಈಗ ತೋಟದ ಕೆಲಸವನ್ನೆಲ್ಲ ಹೊಂದಿಸುವವಳು ಅವಳೇ. "ತಾತ, ಎರಡೂ ಒಂದೇ ಥರ ಇದೆ, ಹೆಂಗ್ ಗೊತ್ತಾಗ್ಬೇಕು?" ಎಂದು ಮುಖ ಚಿಕ್ಕದು ಮಾಡಿದಳು. "ಉಜ್ಜಿ ಮೂಸಮ್ಮ" ಎಂದೆ. ಅಂದಿನಿಂದ ಮೂಸುವುದು ನಮ್ಮ ತೋಟದ ಪದ್ಧತಿಯಾಯಿತು.

ಇಲ್ಲಿನ ಕೆಲಸದ ಬಗ್ಗೆ ಹೊಸಬರು ತಿಳಿಯಬೇಕಾದದ್ದು ಒಂದಿದೆ. ಮುಂಗಾರು ಬಂದಾಗ ಎಲ್ಲರೂ ಬರುತ್ತಾರೆ. ಬೀಜ ಹಾಕುವುದು ಎಲ್ಲರಿಗೂ ಇಷ್ಟ. ದಸರೆಗೆ ಚೆಂಡುಹೂ ಬಿಡಿಸಲು, ಸಂಕ್ರಾಂತಿಯ ಹೊತ್ತಿಗೆ ಅವರೆಕಾಯಿ ಕೀಳಲು ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಆದರೆ ತೋಟ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಆಗಲೇ. ರಸ್ತೆಯಲ್ಲಿ ಉದುರಿದ ಒಣ ಎಲೆಗಳನ್ನು ಪೌರಕಾರ್ಮಿಕರು ಸುಡುವ ಮೊದಲೇ ಚೀಲ ತುಂಬಿ ತಂದು ಮಡಿಗಳಿಗೆ ಹೊದಿಸಬೇಕು. ಗೊಬ್ಬರದ ಗುಡ್ಡೆ ತಿರುವಬೇಕು. ಫೋಟೋ ತೆಗೆಯುವಂಥದ್ದು ಏನೂ ಇರುವುದಿಲ್ಲ. ಅಂಥ ಬೇಸಿಗೆಯಲ್ಲಿ ತಪ್ಪದೆ ಬರುತ್ತಿದ್ದವಳು ರೇಣುಕಾ.

ರೇಣುಕಾ ಗದಗದ ಕಡೆಯ ಹುಡುಗಿ. ಬಿಟಿಎಂನಲ್ಲಿ ಬಾಡಿಗೆ ರೂಮು, ಮಡಿವಾಳದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ವಾರಕ್ಕೆ ಒಂದು ರಜೆ, ಆ ರಜೆಯಲ್ಲಿ ಎರಡು ಬಸ್ಸು ಬದಲಿಸಿ ತೋಟಕ್ಕೆ ಬರುತ್ತಿದ್ದಳು. ಯಾಕಮ್ಮ ಇಷ್ಟು ದೂರ ಎಂದು ಕೇಳಿದೆ.

"ನಮ್ ರೂಮಿನಾಗ ಕಿಟಕಿ ತಗದ್ರ ಬಾಜೂ ಮನಿ ಗ್ವಾಡಿ ಕಾಣ್ತೈತ್ರಿ ಕಾಕಾ. ಇಲ್ಲಿ ಬಂದ್ರ ಕಾಲಾಗ ಮಣ್ಣರ ಹತ್ತತೈತಿ."

ಅವಳು ಊರಿನಿಂದ ಸೋರೆ ಬೀಜ ತಂದಿದ್ದಳು. ತೀರಿಹೋದ ಅವಳ ತಾಯಿ ಬೂದಿಯಲ್ಲಿ ಹೊರಳಿಸಿ ಇಟ್ಟಿದ್ದ ಬೀಜ. ಅವಳ ಮಡಿಯ ಬಳ್ಳಿ ಆ ಮಳೆಗಾಲದಲ್ಲಿ ಚಪ್ಪರ ತುಂಬಿ ಇಳಿಬಿದ್ದಿತು. ಇಡೀ ತೋಟ ಆ ಕಾಯಿ ತಿಂದಿತು.

ಸೋರೆ, ಸೌತೆ, ಹೀರೆ ಹಂಚುವ ಮುಂಚೆ ರುಚಿ ನೋಡುವುದು ನಾನು ತಂದ ಕಟ್ಟಳೆ. ಈ ಜಾತಿಯ ಬಳ್ಳಿಗಳಲ್ಲಿ ಒಮ್ಮೊಮ್ಮೆ ಕಹಿ ಬರುತ್ತದೆ. ಹಾಗಲಕಾಯಿಯ ಕಹಿ ಬೇರೆ, ಇದು ಬೇರೆ. ಸೋರೆಯ ಕಹಿ ವಿಷ. ಒಂದೊಂದು ಬಳ್ಳಿಯದೂ ಒಂದು ಕಾಯಿ ತೆಗೆದು, ತೊಟ್ಟಿನ ಕಡೆಯಿಂದ ತೆಳ್ಳಗೆ ಕೊಯ್ದು ನಾಲಿಗೆಯ ತುದಿಗೆ ಇಡುತ್ತಿದ್ದೆ. ಸರಿಯಿದ್ದರೆ "ಸಿಹಿ!" ಎಂದು ಕೂಗುತ್ತಿದ್ದೆ. ಆಮೇಲೆಯೇ ಹಂಚುವ ಮೇಜಿನ ಮುಂದೆ ಚೀಲಗಳು ತೆರೆಯುತ್ತಿದ್ದವು. ಮಕ್ಕಳು ನನ್ನ ಜೊತೆ ಸೇರಿ ಕೂಗುತ್ತಿದ್ದರು. ಪಾರ್ಕಿನಲ್ಲಿ ಅಷ್ಟು ವರ್ಷ ದುಡಿದಾಗ ನನ್ನ ಮಾತಿಗೆ ಯಾರೂ ಹಾಗೆ ಕಾದಿರಲಿಲ್ಲ. ಅವರೆ ಬಂದಾಗಲೂ ಹಾಗೆಯೇ. ಮೇಡಂಗಳು ಕಾಯಿ ತಂದು ನನ್ನ ಮೂಗಿನ ಮುಂದೆ ಹಿಡಿದು, "ಸೊಗಡಿದ್ಯಾ ನೋಡಿ" ಎನ್ನುತ್ತಿದ್ದರು. ಈ ಗೌರವದ ರುಚಿ ಹತ್ತಿತ್ತು ನನಗೆ.

ಅದೇ ಮಳೆಗಾಲದಲ್ಲಿ ಅನುಷಾ ಬೇಲಿಗೆ ಇನ್ನೊಂದು ಸೋರೆ ಹಾಕಿದ್ದಳು. ಕಾಯಿ ಒಣಗಿಸಿ, ತೂತು ಕೊರೆದು, ಒಳಗೆ ದೀಪ ಇಡುವುದಕ್ಕಂತೆ. ಅದರ ಎಳೆಕಾಯಿ ನಾಲಿಗೆಗೆ ಇಟ್ಟ ಕೂಡಲೇ ಉಗಿದೆ. ಕಾಡು ಸೋರೆ, ವಿಪರೀತ ಕಹಿ. ಇದನ್ನು ತಿನ್ನುವವರಿಲ್ಲವಲ್ಲ ಎಂದು ಬಿಟ್ಟೆ. ಬಿಡಬಾರದಿತ್ತು. ಎರಡು ಬಳ್ಳಿ ಒಟ್ಟಿಗೆ ಹೂ ಬಿಟ್ಟರೆ ಹುಳುಗಳು ಇದರ ಪರಾಗವನ್ನು ಅದಕ್ಕೆ ಒಯ್ಯುತ್ತವೆ. ಆ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಅದು ಸಿಹಿಯಾಗಿಯೇ ಇರುತ್ತದೆ. ಕಹಿ ಒಳಗಿನ ಬೀಜಕ್ಕೆ ಸೇರುತ್ತದೆ, ಮುಂದಿನ ವರ್ಷದ ಬಳ್ಳಿಯಲ್ಲಿ ಹೊರಗೆ ಬರುತ್ತದೆ. ಇದು ನನಗೆ ಗೊತ್ತಿತ್ತು. ರೇಣುಕಾ ಬೀಜಕ್ಕೆಂದು ಒಂದು ದಪ್ಪ ಕಾಯಿ ಬಿಟ್ಟುಕೊಂಡಾಗ ಬೇಡ ಎನ್ನಬೇಕಿತ್ತು. ಅವಳ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ. ಕಹಿ ಬಂದರೆ ಮುಂದಿನ ವರ್ಷ ರುಚಿ ನೋಡಿ ಆ ಬಳ್ಳಿ ಕಿತ್ತರಾಯಿತು, ನಾನಿದ್ದೇನಲ್ಲ ಎಂದುಕೊಂಡೆ.

ಆ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಜ್ವರ ಬಿಟ್ಟಿತು. ಒಂದು ಬೆಳಿಗ್ಗೆ ಕಾಫಿ ಕುಡಿದರೆ ಬಿಸಿ ನೀರು ಕುಡಿದ ಹಾಗಿತ್ತು. ಡಿಕಾಕ್ಷನ್ ಹಾಕುವುದು ಮರೆತಿದ್ದಾಳೆ ಎಂದುಕೊಂಡು ಲೋಟದ ಒಳಗೆ ನೋಡಿದೆ. ಬಣ್ಣ ಸರಿಯಾಗಿಯೇ ಇತ್ತು. ಡಾಕ್ಟರು ಕೆಲವರಿಗೆ ಹೀಗಾಗುತ್ತದೆ, ವಾಪಸ್ಸು ಬಂದರೂ ಬರಬಹುದು ಎಂದರು. ಬರಲಿಲ್ಲ. ಜಯಮ್ಮನಿಗೂ ಹೇಳದೆ ಇದ್ದೆ. ಅವಳು ಅನುಮಾನಿಸಿ ಒಂದು ದಿನ ಉಪ್ಪೇ ಹಾಕದೆ ಹುಳಿ ಬಡಿಸಿದಳು. ನಾನು ಸೊರ್ರನೆ ಉಂಡು "ಚೆನ್ನಾಗಿದೆ" ಎಂದೆ.

ಅವಳು ಸೌಟು ಹಿಡಿದು ಅಲ್ಲೇ ಕೂತಳು. "ತೋಟದಲ್ಲಿ ಹೇಳಿದೀರಾ?"

"ಹೇಳ್ತೀನಿ."

"ಯಾವಾಗ? ನೀವು ಅಲ್ಲಿ ಮಾಡೋ ಕೆಲ್ಸವೇ ಅದಲ್ವಾ?"

ಅವಳು ಹೇಳಿದ್ದು ಸರಿ. ಅದಕ್ಕೇ ನಾನು ಹೇಳಲಿಲ್ಲ. ಗುದ್ದಲಿ ಎತ್ತಲು ಬೆನ್ನು ಬಿಡುತ್ತಿರಲಿಲ್ಲ. ಮೂಗು, ನಾಲಿಗೆ ಎರಡೂ ಹೋದರೆ ಆ ತೋಟಕ್ಕೆ ನಾನು ಯಾಕೆ ಬೇಕು? ಗೊಬ್ಬರವನ್ನು ಮೂಗಿಗೆ ಹಿಡಿದು, ಅಂಗೈಗೆ ಬಿಸಿ ತಾಗುತ್ತದೆಯೇ ಎಂದು ಗುಟ್ಟಾಗಿ ನೋಡುತ್ತಿದ್ದೆ. ಅವರೆಕಾಯಿ ಮೂಸಿ, ಕೊಟ್ಟವರ ಮುಖ ನೋಡಿ, "ಸೊಗಡು ಸಖತ್ತಾಗಿದೆ" ಎನ್ನುತ್ತಿದ್ದೆ. ಯಾರಿಗೂ ತಿಳಿಯಲಿಲ್ಲ. ಮೋಸ ಇಷ್ಟು ಸುಲಭವಾಗಿ ನಡೆಯುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ರೇಣುಕಾಳ ಬೀಜದಿಂದ ಎದ್ದ ಬಳ್ಳಿಗಳು ಕಾಯಿ ಬಿಟ್ಟವು. ಆ ಭಾನುವಾರ ಎಂದಿನಂತೆ ಒಂದೊಂದು ಬಳ್ಳಿಯ ಕಾಯಿಯನ್ನೂ ಕೊಯ್ದು ನಾಲಿಗೆಗೆ ಇಟ್ಟೆ. ತಣ್ಣಗಿತ್ತು, ಅಷ್ಟೇ. ಬೇಲಿಯ ಸೋರೆ ನೆನಪಿಗೆ ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪಕ್ಕದಲ್ಲಿದ್ದವರಿಗೆ ಒಂದು ಚೂರು ಕೊಟ್ಟು "ನೀವೂ ನೋಡಿ" ಎಂದಿದ್ದರೆ ಮುಗಿದಿತ್ತು. ಆದರೆ ಎಂದೂ ಇಲ್ಲದ್ದು ಇವತ್ತೇಕೆ ಎಂದು ಕೇಳಿಯಾರು ಎಂಬ ಭಯ. ಮಕ್ಕಳು ಕಾಯುತ್ತಿದ್ದರು. "ಸಿಹಿ!" ಎಂದು ಕೂಗಿದೆ.

ಹೆಚ್ಚಿನ ಮನೆಗಳಿಗೆ ಹೋದ ಕಾಯಿಗಳು ಒಳ್ಳೆಯವೇ ಇದ್ದವು. ಒಂದು ಬಳ್ಳಿಯದು ಮಾತ್ರ ಕಹಿ. ಅದರ ಕಾಯಿ ಸತ್ಯಮೂರ್ತಿಯವರ ಚೀಲಕ್ಕೆ ಬಿತ್ತು. ಅವರು ಸಕ್ಕರೆ ಕಾಯಿಲೆಗೆಂದು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಸಿ ಸೋರೆಕಾಯಿಯ ಜ್ಯೂಸ್ ಕುಡಿಯುವವರು. ಮರುದಿನ ಕುಡಿದ ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಗಿ, ನಿಲ್ಲದೆ, ರಕ್ತವೂ ಬಿದ್ದು, ಬಿ.ಪಿ. ಇಳಿದು ಐ.ಸಿ.ಯು. ಸೇರಿದರು. ಅನುಷಾ ಫೋನ್ ಮಾಡಿ ಹೇಳಿದಳು. ಅವರು ಬದುಕಲಿ ಎಂದು ದೇವರ ಮುಂದೆ ನಿಂತೆ. ಆದರೆ ಫೋನ್ ತೆಗೆದು ಯಾರಿಗೂ ನಿಜ ಹೇಳಲಿಲ್ಲ.

ಅವರಿನ್ನೂ ಆಸ್ಪತ್ರೆಯಲ್ಲಿದ್ದಾಗ ತೋಟದಲ್ಲಿ ಎಲ್ಲರೂ ಸೇರಿದರು. ಕಾಯಿ ಯಾರ ಮಡಿಯದು, ಬೀಜ ಎಲ್ಲಿಯದು ಎಂಬ ಮಾತು ಬಂತು.

"ಪ್ಯಾಕೆಟ್ ಬೀಜ ಅಲ್ಲ ಅದು. ಯಾವುದೋ ಊರಿಂದ ತಂದಿದ್ದು, ಯಾರಿಗ್ ಗೊತ್ತು" ಎಂದರು ಒಬ್ಬರು.

ರೇಣುಕಾ ಎದ್ದು ನಿಂತಳು. "ಹ್ವಾದ ವರ್ಷ ಎಲ್ಲಾರೂ ತಿಂದ್ರಲ್ರಿ? ಆವಾಗ ಚಲೋ ಇತ್ತು, ಈಗ ನಮ್ಮವ್ವನ ಬೀಜ ವಿಷ ಆತೇನ್ರಿ?" ನಂತರ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಧೈರ್ಯವಿತ್ತು. "ಕಾಕಾ, ನೀವ ರುಚಿ ನೋಡೇ ಕೊಟ್ರಲ್ರಿ. ಕಹಿ ಇತ್ತೇನ್ರಿ? ಹೇಳ್ರಿ."

"ನಾನು ನೋಡಿದ್ದೆಲ್ಲ ಸಿಹಿ ಇತ್ತು" ಎಂದೆ.

ಅವಳ ಪರವಾಗಿ ಹೇಳಿದಂತೆಯೇ ಕೇಳಿಸುತ್ತದೆ. ಆದರೆ ಅಲ್ಲಿ ಕೂತವರು ಅದನ್ನು ಬೇರೆ ರೀತಿ ಕೂಡಿಸಿದರು. ವೆಂಕಟೇಶಪ್ಪ ನೋಡಿದ ಕಾಯಿ ಸಿಹಿ ಎಂದ ಮೇಲೆ, ಅವರು ನೋಡದ ಕಾಯಿಯನ್ನು ಇವಳೇ ನೇರವಾಗಿ ಚೀಲಕ್ಕೆ ಹಾಕಿರಬೇಕು. "ರೂಲ್ಸ್ ಅಂದ್ಮೇಲೆ ಎಲ್ರಿಗೂ ಒಂದೇ ಅಲ್ವಾ ರೇಣುಕಾ" ಎಂದು ಅನುಷಾ ಮೆತ್ತಗೆ ಹೇಳಿದಳು. ರೇಣುಕಾ ನನ್ನನ್ನೇ ನೋಡುತ್ತಿದ್ದಳು. ನಾನು ನೆಲ ನೋಡಿದೆ. ಊರ ಬೀಜ ಇನ್ನು ತೋಟಕ್ಕೆ ಬೇಡ ಎಂದು ತೀರ್ಮಾನವಾಯಿತು. ಅವಳು ತನ್ನ ಕುರ್ಚಿಗೆ ತಗುಲಿಸಿದ್ದ ಚೀಲ ತೆಗೆದುಕೊಂಡು ಗೇಟು ದಾಟಿದವಳು ಮತ್ತೆ ಬರಲಿಲ್ಲ. ಆ ಸಂಜೆ ಅವಳ ಬಳ್ಳಿಗಳನ್ನೆಲ್ಲ ಕಿತ್ತು ಹಾಕಿದವನು ನಾನೇ. ಕೆಲಸ ಗೊತ್ತಿದ್ದವನು ನಾನೊಬ್ಬನೇ ಅಲ್ಲವೇ.

ಸತ್ಯಮೂರ್ತಿಯವರು ಗುಣವಾಗಿ ಮನೆಗೆ ಬಂದರು. ಅವರ ಮುಂದೆ ಈ ಮಾತು ಎತ್ತಬಾರದು ಎಂದು ಎಲ್ಲರೂ ಸುಮ್ಮನಾದರು. ಆ ಸುಮ್ಮನಿರುವಿಕೆ ನನಗೆ ಅನುಕೂಲವಾಯಿತು. ಚಳಿಗಾಲ ಬಂತು, ಅವರೆ ಬಂತು. ಒಬ್ಬ ಪುಟ್ಟ ಹುಡುಗಿ ಕಾಯಿ ತಂದು, "ತಾತಾ, ಸೊಗಡು ಇದ್ಯಾ?" ಎಂದು ನನ್ನ ಮೂಗಿಗೇ ತಾಗಿಸಿದಳು. ಇದೆ ಎನ್ನಲು ಬಾಯಿ ತೆರೆದವನು ಕಾಯಿಯನ್ನು ಅವಳ ಕೈಗೇ ವಾಪಸ್ಸು ಕೊಟ್ಟೆ. ಮುನಿಸ್ವಾಮಿ ಮೇಸ್ತ್ರಿಗಳು ನನ್ನ ಮೂಗನ್ನು ಗುಡ್ಡೆಗೆ ತಾಗಿಸಿದ್ದು, ಆಮೇಲೆ ಸಾಹೇಬರ ಮುಂದೆ ನನ್ನ ತಪ್ಪು ಹೊತ್ತದ್ದು, ಎರಡೂ ಒಟ್ಟಿಗೆ ಎದುರಿಗೆ ಬಂದವು. ಅವರು ಹೊಸಬನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನಾನು ನನ್ನ ತಪ್ಪನ್ನು ಹೊಸಬಳ ಮೇಲೆ ಹಾಕಿದೆ.

ಮಡಿವಾಳದ ಔಷಧಿ ಅಂಗಡಿ ಹುಡುಕಿಕೊಂಡು ಹೋದೆ. ರೇಣುಕಾ ಕೌಂಟರಿನ ಹಿಂದೆ ಇದ್ದಳು. ನನ್ನನ್ನು ನೋಡಿ, "ಚೀಟಿ ಐತೇನ್ರಿ?" ಎಂದಳು, ಗುರುತೇ ಇಲ್ಲದವಳಂತೆ. ಗಿರಾಕಿಗಳು ಖಾಲಿಯಾಗುವವರೆಗೆ ಪಕ್ಕದಲ್ಲಿ ನಿಂತೆ. ಆಮೇಲೆ ಬೇಲಿಯ ಸೋರೆಯಿಂದ ಹಿಡಿದು ಎಲ್ಲ ಹೇಳಿದೆ. ಅವಳು ಮಾತ್ರೆಯ ಡಬ್ಬಗಳನ್ನು ಜೋಡಿಸುತ್ತಲೇ ಕೇಳಿದಳು.

"ಅವತ್ತ ನಾ ನಿಮ್ಮನ್ನ ಕೇಳಿದ್ದು ಯಾಕ ಗೊತ್ತೇನ್ರಿ? ಬ್ಯಾರೆ ಯಾರೂ ನನ್ನ ಪರವಾಗಿ ಮಾತಾಡಂಗಿಲ್ಲ, ಕಾಕಾ ಮಾತಾಡ್ತಾರ ಅಂತ."

"ತಪ್ಪಾಯ್ತಮ್ಮ."

"ತಪ್ಪಾತು ಅಂತ ನನಗ ಯಾಕ ಹೇಳ್ತೀರಿ? ನನಗ ಗೊತ್ತೇ ಐತಲ್ಲ ನಾ ಏನೂ ಮಾಡಿಲ್ಲಂತ. ಗೊತ್ತಿಲ್ದವ್ರ ಮುಂದ ಹೇಳ್ರಿ."

ಅಷ್ಟೇ. ಇನ್ನೊಬ್ಬ ಗಿರಾಕಿ ಬಂದ. ಅವಳು ಅವನ ಚೀಟಿ ತೆಗೆದುಕೊಂಡಳು.

ಮುಂದಿನ ಭಾನುವಾರ ಜಯಮ್ಮನೂ ನನ್ನ ಜೊತೆ ಬಸ್ಸು ಹತ್ತಿದಳು. "ನೀವು ಅರ್ಧಕ್ಕೆ ನಿಲ್ಲಿಸಿದ್ರೆ ಮಿಕ್ಕಿದ್ದು ನಾನು ಹೇಳ್ತೀನಿ" ಎಂದಳು. ಅದರ ಅಗತ್ಯ ಬೀಳಲಿಲ್ಲ. ಹಂಚುವ ಮೇಜಿನ ಹತ್ತಿರ ನಿಂತು, ನನಗೆ ವಾಸನೆ ಇಲ್ಲ, ರುಚಿ ಇಲ್ಲ, ಹೋದ ಚಳಿಗಾಲದ ಜ್ವರದಿಂದ ಇಲ್ಲ, ಆ ಕಾಯಿಯನ್ನು ನೋಡಿ ಕೊಟ್ಟವನು ನಾನೇ, ಬೀಜ ಕೆಡಲು ಬಿಟ್ಟವನೂ ನಾನೇ ಎಂದು ಹೇಳಿದೆ. ಸತ್ಯಮೂರ್ತಿಯವರು ಕುರ್ಚಿಯಲ್ಲಿ ಕೂತಿದ್ದರು. ಅವರ ಮುಖ ನೋಡುವುದೇ ಕಷ್ಟವಾಗಿತ್ತು.

ಮೊದಲು ಮಾತಾಡಿದವರು ಸತ್ಯಮೂರ್ತಿಯವರೇ.

"ವೆಂಕಟೇಶಪ್ಪ, ನಿಮಗೆ ನಾಲಿಗೆ ಇರ್ಲಿಲ್ಲ. ನನಗೆ ಇತ್ತಲ್ರೀ. ಮೊದಲ್ನೇ ಗುಟುಕಿಗೇ ಕಹಿ ಗೊತ್ತಾಯ್ತು. ನಮ್ಮನೆಯವಳು ಚೆಲ್ಲಿ ಅಂದ್ಲು. ಕಹಿ ಇದ್ದಷ್ಟೂ ಶುಗರ್‌ಗೆ ಒಳ್ಳೇದು ಕಣೇ ಅಂತ ಮೂಗು ಹಿಡ್ಕೊಂಡು ಪೂರ್ತಿ ಕುಡಿದೆ. ಡಾಕ್ಟರ ಹತ್ರ ಹೇಳೋಕ್ಕೂ ನಾಚಿಕೆ ಆಯ್ತು. ಆ ಹುಡುಗೀನ ಬೈದ್ರು ಅಂತ ಆಮೇಲೆ ಕಿವಿಗೆ ಬಿತ್ತು. ಸುಮ್ನಿದ್ದೆ."

ಅನುಷಾ ಅಳುತ್ತಿದ್ದಳು. "ಬೇಲಿ ಸೋರೆ ಹಾಕಿದ್ದು ನಾನಲ್ವಾ ತಾತ" ಎಂದಳು. ಗೊತ್ತಿಲ್ಲದೆ ಹಾಕಿದವಳದು ತಪ್ಪಲ್ಲ, ಗೊತ್ತಿದ್ದೂ ಬಿಟ್ಟವನದು ಎಂದೆ. ಕೆಲವರಿಗೆ ನನ್ನ ಮೇಲೆ ಸಿಟ್ಟು ಬಂತು, ಇನ್ನೂ ಇದೆ. ಒಬ್ಬರು ಮೇಡಂ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಅದು ಅವರ ಹಕ್ಕು. ಆ ಮಧ್ಯಾಹ್ನವೇ ಅನುಷಾ, ಸತ್ಯಮೂರ್ತಿ ದಂಪತಿಗಳು ಬಿಟಿಎಂನ ರೇಣುಕಾಳ ರೂಮಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಿಲ್ಲ.

ಮುಂಗಾರು ಶುರುವಾದಾಗಲೂ ರೇಣುಕಾ ಬರಲಿಲ್ಲ. ಊರಿನಲ್ಲಿ ಅವಳ ಅಕ್ಕನ ಹತ್ತಿರ ಅದೇ ಬೀಜ ಉಳಿದಿತ್ತಂತೆ. ಅದನ್ನು ಅನುಷಾಳ ಕೈಯಲ್ಲಿ ಕಳಿಸಿದಳು. ಬಿತ್ತಿದೆವು. ಬೇಲಿಯಲ್ಲಿ ಬೇರೆ ಯಾವ ಸೋರೆಯೂ ಇರಲಿಲ್ಲ. ಬಳ್ಳಿ ಚಪ್ಪರಕ್ಕೆ ಏರಿ, ಹೂವಾಗಿ, ಕಾಯಿ ಕೊಯ್ಯುವ ಹದಕ್ಕೆ ಬಂದ ಭಾನುವಾರ ನೋಡುತ್ತೇನೆ, ಗೇಟಿನ ಹತ್ತಿರ ಅವಳು ಚಪ್ಪಲಿ ಬಿಡುತ್ತಿದ್ದಾಳೆ. ಸೀದಾ ಚಪ್ಪರದ ಕೆಳಗೆ ಬಂದು, ಕಾಯಿಗಳನ್ನು ಬೆರಳಿಂದ ತಟ್ಟಿ ನೋಡಿ, ನನ್ನ ಕಡೆ ತಿರುಗದೆ ಕೈ ಚಾಚಿದಳು. ಚಾಕು ಕೊಟ್ಟೆ.

ತೊಟ್ಟಿನ ಕಡೆಯಿಂದ ಎರಡು ತೆಳ್ಳನೆಯ ಬಿಲ್ಲೆ ಕೊಯ್ದಳು. ಒಂದನ್ನು ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಮುಂದೆ ಹಿಡಿದಳು.

"ನನಗೆ ಗೊತ್ತಾಗಲ್ಲವಲ್ಲಮ್ಮ."

"ಗೊತ್ತೈತ್ರಿ. ನಾ ಹೇಳ್ತೀನಲ್ಲ, ತಿನ್ರಿ."

ಅಗಿದೆ. ತಣ್ಣಗಿತ್ತು. ಅವಳು ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಅಗಿಯುತ್ತಾ ನನ್ನ ಮುಖ ನೋಡಿದಳು. ನಾನು ಈ ಸಲ ನೆಲ ನೋಡಲಿಲ್ಲ.

"ಸಿಹಿ ಐತ್ರಿ ಕಾಕಾ."

ಮೇಜಿನ ಹತ್ತಿರ ಮಕ್ಕಳು ನನ್ನ ಕೂಗಿಗೆ ಕಾಯುತ್ತಾ ನಿಂತಿದ್ದರು. ಎದೆ ತುಂಬಾ ಉಸಿರು ತೆಗೆದುಕೊಂಡು ಕೂಗಿದೆ:

"ರೇಣುಕಾ ನೋಡಿದ್ದಾಳೆ! ಸಿಹಿ!"